ಗೋಡೆಯ ಬದಿ

ನಮ್ಮ ಕಾದಿಸ್ ಬಂದರಿನ ಹಳೇ ಓಣಿಗಳನ್ನು ಪರಸ್ಥಳದವರಿಗೆ ನಡೆಸಿಕೊಂಡು ತೋರಿಸುವ ಎವಾರಿಸ್ತೋ ಅವರು ಒಂದು ಮೂಲೆಯನ್ನೂ ಸುಮ್ಮನೆ ದಾಟಿದವರಲ್ಲ. ಗಾಡಿ ತಗಲಿ ಗೋಡೆ ಸವೆಯದಿರಲೆಂದು ಓಣಿಯ ಮೂಲೆಯಲ್ಲಿ ಹೂತ ಹಳೇ ಫಿರಂಗಿ ಕಂಡರೆ ಮೊಮ್ಮಗನ ತಲೆಯಂತೆ ಸವರುತ್ತಾರೆ. ಮೂಡಗಾಳಿ ಎದ್ದ ದಿನ ಟೋಪಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮುನ್ನೂರು ವರ್ಷದ ಚರಿತ್ರೆ ಹೇಳಿ ಮುಗಿಸುತ್ತಾರೆ. ನಮ್ಮಲ್ಲಿ ಹಿರಿಯರಿಗೆ ಗೋಡೆಯ ಬದಿ ಬಿಟ್ಟುಕೊಟ್ಟು ಕಿರಿಯರು ಹೊರಬದಿಯಲ್ಲಿ ನಡೆಯುವುದು ವಾಡಿಕೆ. ಎವಾರಿಸ್ತೋ ಸದಾ ಹೊರಬದಿಯಲ್ಲೇ ನಡೆಯುತ್ತಿದ್ದರು, ಗೋಡೆಯ ಬದಿ ಖಾಲಿ. ಯಾವನಾದರೂ ಪ್ರವಾಸಿ ಅಲ್ಲಿಗೆ ನುಗ್ಗಿದರೆ, "ಸ್ವಲ್ಪ ಈಚೆ ಬನ್ನಿ ಸ್ವಾಮಿ, ಅಕ್ಕ ನಡೀತಿದಾಳೆ" ಅನ್ನುತ್ತಿದ್ದರು. ಅಕ್ಕ ಮಿಲಾಗ್ರೋಸ್ ಎಪ್ಪತ್ನಾಲ್ಕಕ್ಕೆ ತೀರಿಕೊಂಡು ಆರು ವರ್ಷವಾಗಿತ್ತು. ನಾವು ಅಂಗಡಿಯವರು ನಗುತ್ತಿದ್ದೆವು, ಆದರೆ ಆ ಬದಿಗೆ ಕುರ್ಚಿ ಹಾಕುತ್ತಿರಲಿಲ್ಲ. ಮೊನ್ನೆ ಅವರಿಗೆ ಎಪ್ಪತ್ತೈದು ತುಂಬಿತು. ಮಾರನೆಯ ದಿನ ನೋಡಿದರೆ, ಗೋಡೆಗೆ ಅಂಟಿಕೊಂಡು ಅವರೇ ಬರುತ್ತಿದ್ದರು. "ಏನ್ ಎವಾರಿಸ್ತೋ ಮಾವ, ಅಕ್ಕನ್ನ ಮನೇಲೇ ಬಿಟ್ಟು ಬಂದ್ರಾ?" ಎಂದೆ. "ಅವಳು ಇನ್ನೂ ಎಪ್ಪತ್ನಾಲ್ಕರಲ್ಲೇ ಇದಾಳೆ ಕಣಪ್ಪ, ಈಗ ನಾನೇ ದೊಡ್ಡವನು. ಬೇಡ ಅಂದ್ರೂ ಕೇಳ್ಲಿಲ್ಲ, ಗೋಡೆ ಬಿಟ್ಟುಕೊಟ್ಳು" ಅಂದರು. ನಾನು ನಗಲು ಬಾಯಿ ತೆರೆಯುವಷ್ಟರಲ್ಲಿ ಎದುರಿನಿಂದ ಬಂದ ಮೋಟಾರ್ ಸೈಕಲ್ಲಿನವನು ಅವರ ಹೊರಬದಿಯ ಖಾಲಿ ಜಾಗದ ಮುಂದೆ ಬ್ರೇಕ್ ಹಾಕಿ, "ನೋಡ್ಲಿಲ್ಲ ಅಮ್ಮ, ತಪ್ಪಾಯ್ತು" ಎಂದು ಬಳಸಿಕೊಂಡು ಹೋದ.