ಪಿಟೀಲು ಮೇಷ್ಟರ ಅನುಮಾನಗಳು

ಮೇಷ್ಟರ ಎಡದವಡೆಯ ಕೆಳಗೆ ಎಂಟಾಣೆಯಷ್ಟು ಅಗಲದ ಕಪ್ಪು ಕಲೆಯಿತ್ತು. ಅಲ್ಲಿನ ಚರ್ಮ ದಪ್ಪವಾಗಿ, ಹಳೆಯ ಚಪ್ಪಲಿಯ ತೊಗಲಿನಂತೆ ಹೊಳೆಯುತ್ತಿತ್ತು. ಕಾಶಿಯ ಭೇಲೂಪುರದ ಆ ಬಾಡಿಗೆ ಮನೆಗೆ ಹೋದ ಮೊದಲ ದಿನ ಮೆಟ್ಟಿಲ ಮೇಲೆ ಎದುರಾದಾಗ ನನ್ನ ಕಣ್ಣಿಗೆ ಬಿದ್ದದ್ದು ಅದೇ. ಅಂಟುರೋಗವೇ ಇರಬೇಕೆಂದು ಅವರು ಕೊಟ್ಟ ಪೇಡೆಯನ್ನು ಕಿಟಕಿಯಿಂದ ಹಸುವಿಗೆ ಎಸೆದೆ. ಮೂವತ್ತು ವರ್ಷ ಪಿಟೀಲನ್ನು ದವಡೆಗೆ ಒತ್ತಿ ಹಿಡಿದದ್ದರಿಂದ ಬಿದ್ದ ಕಲೆಯೆಂದು ತಿಳಿಯಲು ಒಂದು ತಿಂಗಳು ಹಿಡಿಯಿತು.

ನನ್ನ ಸ್ವಭಾವವೇ ಹಾಗೆ. ಬ್ಯಾಂಕಿನಲ್ಲಿ ನನ್ನ ಕೆಲಸ ಸಹಿ ಹೋಲಿಸಿ ನೋಡುವುದು. ಹುಬ್ಬಳ್ಳಿಯಿಂದ ವರ್ಗವಾಗಿ, ವಿಧವೆ ತಾಯಿಯನ್ನು ಕರೆದುಕೊಂಡು ಕಾಶಿಗೆ ಬಂದ ಮದುವೆಯಾಗದ ಹೆಂಗಸು ಯಾರನ್ನು ನಂಬಬೇಕು? ಆಟೋದವನನ್ನು ನಂಬಲಿಲ್ಲ, ಹಾಲಿನವನನ್ನು ನಂಬಲಿಲ್ಲ. ಕೆಳಗಿನ ಮನೆಯ ಈ ಮೇಷ್ಟರು ಕನ್ನಡದವರು ಎಂದು ಗೊತ್ತಾದಾಗ ಅವ್ವನಿಗೆ ಹಬ್ಬವಾಯಿತು, ನನಗೆ ಇನ್ನೊಂದು ಅನುಮಾನ ಶುರುವಾಯಿತು.

ಅವರು ಮೈಸೂರು ಕಡೆಯವರು, ರೈಲ್ವೆಯಿಂದ ನಿವೃತ್ತರು. ರೈಲ್ವೆ ಬ್ಯಾಂಡಿನ ಗೋವಾದ ಮಾಸ್ತರೊಬ್ಬರಿಂದ ಪಾಶ್ಚಾತ್ಯ ಸಂಗೀತದ ಬರವಣಿಗೆ ಓದುವುದನ್ನು ಕಲಿತಿದ್ದರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅವರ ಮುಂದಿನ ಕೋಣೆಯಲ್ಲಿ ಕಛೇರಿ. ಅವರದೊಂದು ಪಿಟೀಲು, ವಿಶ್ವವಿದ್ಯಾಲಯದ ಜಪಾನಿ ವಿದ್ಯಾರ್ಥಿಯದು ಸ್ವಲ್ಪ ದೊಡ್ಡ ಪಿಟೀಲು, ಜರ್ಮನ್ ವಿದ್ಯಾರ್ಥಿನಿಯದು ಮೊಣಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಚೆಲ್ಲೊ. ಚಾಪೆಯ ಮೇಲೆ ಹನ್ನೆರಡು ಮಂದಿ ಕೂತರೆ ಕೋಣೆ ತುಂಬುತ್ತಿತ್ತು. ದೊಡ್ಡ ಹೆಸರಿನವರ ಸಂಗೀತ ಅಲ್ಲಿ ನಡೆಯುತ್ತಿರಲಿಲ್ಲ. ಗುಲಾಮರಾಗಿ ಸಾಗಿಸಲ್ಪಟ್ಟವರ ಮೊಮ್ಮಗನೊಬ್ಬ, ಅರ್ಮೇನಿಯದ ಒಬ್ಬ ಹೆಂಗಸು, ಫಿಲಿಪೈನ್ಸಿನ ಒಬ್ಬ ಶಾಲಾಮಾಸ್ತರು, ಇಂಥವರು ಕಟ್ಟಿದ್ದು ಮಾತ್ರ. ಕೈಬರಹದ ಕಾರ್ಡಿನಲ್ಲಿ ಕಟ್ಟಿದವರ ಹೆಸರು, ಊರು ಇರುತ್ತಿದ್ದವು. ನುಡಿಸುವವರ ಹೆಸರು ಇರುತ್ತಿರಲಿಲ್ಲ.

"ಬಾರಿಸೋರಿಗೆ ಚಪ್ಪಾಳೆ ಸಿಗತ್ತೆ, ಬಸ್, ಸಾಕು" ಎನ್ನುತ್ತಿದ್ದರು. ಹಾಗಾಗಿ ನಾನೂ ಇಲ್ಲಿ ಅವರ ಹೆಸರು ಹೇಳುತ್ತಿಲ್ಲ.

ಅನುಮಾನದಲ್ಲಿ ಅವರು ನನ್ನನ್ನೂ ಮೀರಿಸಿದವರು. 'ಸಾಂಪ್ರದಾಯಿಕ' ಎಂಬ ಮಾತು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. "ಪಾರಂಪರಿಕ್ ಅಂತ ಬರೆದಿದ್ರೆ ಯಾರದೋ ಹೆಸರು ನುಂಗಿ ನೀರು ಕುಡಿದಿದ್ದಾರೆ ಅಂತಾನೇ ಅರ್ಥ. ಹಾಡು ಹುತ್ತದ ಹಾಗೆ ತಾನೇ ಏಳತ್ತೇನ್ರೀ?" ಗೋವಾದ ಮಾಸ್ತರರ ರಚನೆಯೊಂದನ್ನು ಮೇಲಧಿಕಾರಿ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದನಂತೆ. ಮಾಸ್ತರು ಸಾಯುವವರೆಗೂ ಅದನ್ನು ಬಾರಿಸುತ್ತಲೇ ಇದ್ದರು, ಬಾಯಿ ಬಿಡಲಿಲ್ಲ.

ಅವ್ವ ಅಡುಗೆ ಮಾಡುತ್ತ ಹಾಡುತ್ತಿದ್ದಳು. ಒಂದು ದಿನ ಮೇಷ್ಟರು ಮೇಲೆ ಬಂದು ಬಾಗಿಲಲ್ಲೇ ನಿಂತು ಕೇಳಿದರು, "ಅದು ಯಾರದಮ್ಮ?"

"ಹಳೇದರಿ. ನಮ್ಮ ಅತ್ತಿ ಹಾಡತಿದ್ರು."

"ಪಕ್ಕಾ?"

"ಹೂಂರಿ."

ಅವರು ನಂಬದ ಮುಖ ಮಾಡಿಕೊಂಡು ಇಳಿದರು. ಆಮೇಲೆ ನಾನು ಬ್ಯಾಂಕಿಗೆ ಹೋದ ಹೊತ್ತಿನಲ್ಲಿ ಬರತೊಡಗಿದರು. ಅವ್ವ ಹಾಡುವುದು, ಅವರು ಗೆರೆಯ ಕಾಗದದಲ್ಲಿ ಚುಕ್ಕೆ ಇಡುವುದು. ಒಂದು ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಜರ್ಮನ್ ಹುಡುಗಿ ಟೇಪ್ ರೆಕಾರ್ಡರ್ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೆಳಗಿನ ಕೋಣೆಯಿಂದ ಅವ್ವನ ಹಾಡು ಮೂರು ವಾದ್ಯಗಳಲ್ಲಿ ಕೇಳತೊಡಗಿತು. ನನಗೆ ಎಲ್ಲ ಸ್ಪಷ್ಟವಾಯಿತು. ನಮ್ಮಜ್ಜಿಯ ಹಾಡು ಜರ್ಮನಿಯಲ್ಲಿ ಕ್ಯಾಸೆಟ್ ಆಗುತ್ತದೆ, ಮೇಲೆ ಈ ಮನುಷ್ಯನ ಹೆಸರು ಇರುತ್ತದೆ.

ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. ಬ್ಯಾಂಕಿನ ಹಿಂದಿ ಟೈಪ್‌ರೈಟರಿನಲ್ಲಿ ಮನೆ ಮಾಲೀಕನಿಗೆ ನಾಲ್ಕು ಸಾಲು ಹೊಡೆದೆ: ನಿಮ್ಮ ಮನೆಯಲ್ಲಿ ವಿದೇಶಿಯರು ಗುಂಪುಗೂಡುತ್ತಾರೆ, ಏನೇನೋ ಟೇಪ್ ಮಾಡುತ್ತಾರೆ, ಪೊಲೀಸರಿಗೆ ತಿಳಿದರೆ ತೊಂದರೆ ನಿಮಗೇ. ಊರಿನಲ್ಲಿ ಆಗಾಗ ಕರ್ಫ್ಯೂ ಬೀಳುತ್ತಿದ್ದ ಕಾಲ, ಅಷ್ಟು ಸಾಕಾಗಿತ್ತು. ಸಹಿ ಹಾಕಲಿಲ್ಲ.

ಮಾಲೀಕ ರಾಮನಗರದಿಂದ ಸ್ಕೂಟರಿನಲ್ಲಿ ಬಂದ. "ಯೆ ಸಬ್ ಬಂದ್ ಕೀಜಿಯೆ, ಮಾಸ್ಟರ್‌ಜಿ" ಎಂದು ಅಂಗಳದಲ್ಲೇ ಹೇಳಿ ಹೋದ. ಮೇಲಿನ ಕಿಟಕಿಯಿಂದ ಕೇಳಿಸಿಕೊಂಡು ನಾನು ಗೆದ್ದೆ ಎಂದುಕೊಂಡೆ.

ಸಂಜೆ ಮೇಷ್ಟರು ಮೇಲೆ ಬಂದರು. ಕೈಯಲ್ಲಿ ಒಂದು ಕಾರ್ಡು. "ಭಾನುವಾರದ್ದು ನಿಂತುಹೋಯಿತು. ಇದನ್ನು ನಿಮ್ಮ ತಾಯಿಗೆ ಅಂತ ಬರೆದಿದ್ದೆ, ಇಟ್ಕೊಳ್ಳಿ."

ಮೊದಲೆರಡು ಹೆಸರು ಯಾವುದೋ ದೇಶದವು. ಮೂರನೆಯದು ನಮ್ಮವ್ವನ ಹೆಸರು, ಪಕ್ಕದಲ್ಲಿ ಅವಳ ತವರೂರು. ಅವರ ಹೆಸರು ಎಲ್ಲೂ ಇರಲಿಲ್ಲ.

"ಇದು ನಮ್ಮಜ್ಜಿ ಹಾಡರಿ" ಎಂದೆ.

ಮೇಷ್ಟರು ಅವ್ವನ ಕಡೆ ತಿರುಗಿದರು. "ನಿಮ್ಮತ್ತೆ ಕಾಶಿಗೆ ಬಂದಿದ್ರಾ, ಅಮ್ಮ?"

"ಇಲ್ಲರಿ. ಹಾವೇರಿ ದಾಟಿದಾಕಿ ಅಲ್ಲ."

"ಮತ್ತೆ ಪೀಪಾಯಿ ಸೇತುವೆ ಎಲ್ಲಿ ನೋಡಿದ್ರು?"

ಆಗ ಆ ಹಾಡಿನ ಮಾತು ಮೊದಲ ಸಲ ನನ್ನ ಕಿವಿಗೆ ಬಿತ್ತು. *ಪೀಪಾಯಿ ಸೇತುವೆ ಬಿಚ್ಯಾರ ತಾಯಿ, ಮಳಿಗಾಲ ಬಂತಂತ. ಆಚಿ ದಂಡ್ಯಾಗ ನಿಂತೀನಿ ನಾನು, ಕರಕೋ ಗಂಗವ್ವ.* ಗಂಗೆಯ ಮೇಲೆ ಪೀಪಾಯಿಗಳನ್ನು ತೇಲಿಬಿಟ್ಟು ರಾಮನಗರಕ್ಕೆ ಹಾಕುವ ಸೇತುವೆ ಅದು, ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತಾರೆ. ನಾನು, ಅವ್ವ ಇಬ್ಬರೂ ನಿಂತು ನೋಡಿದ್ದೆವು. ಎರಡು ವರ್ಷದಿಂದ ದಿನಾ ಆ ಹಾಡು ಕೇಳುತ್ತ ಊಟ ಮಾಡಿದ್ದೇನೆ. ಒಂದು ಬಾಲ ಕೊಂಕಿದ ಸಹಿಯನ್ನು ಹಿಡಿಯುವವಳಿಗೆ ಇದು ಹೊಳೆದಿರಲಿಲ್ಲ.

ಅವ್ವ ಸೆರಗಿನ ತುದಿ ತಿರುವುತ್ತ ಹೇಳಿದಳು, "ಅತ್ತೀದು ಅಂದ್ರ ಮಂದಿ ಕೂತು ಕೇಳತಾರರಿ. ನಂದು ಅಂದ್ರ ನಿಮ್ಮಪ್ಪ ಒಮ್ಮೆ ನಕ್ಕುಬಿಟ್ಟಿದ್ರು." ಕೊನೆಯ ಮಾತು ನನ್ನ ಕಡೆ ನೋಡಿ ಹೇಳಿದ್ದು. ಅಪ್ಪನ ಮೇಲೆ ಅವಳು ನನ್ನೆದುರು ದೂರು ಹೇಳಿದ್ದು ಅದೊಂದೇ ಸಲ.

ಮರುದಿನವೇ ನಾನು ಮಾಲೀಕನ ಬಳಿ ಹೋಗಿ, ನಮ್ಮ ಮನೆಯಲ್ಲಿ ಪೂಜೆಯಿದೆ, ಹತ್ತು ಹದಿನೈದು ಜನ ಬರುತ್ತಾರೆ ಎಂದೆ. ಬ್ಯಾಂಕಿನವಳ ಮಾತು, ಒಪ್ಪಿದ. ಕಛೇರಿ ನಮ್ಮ ಕೋಣೆಯಲ್ಲೇ ನಡೆಯಿತು. ಮೇಷ್ಟರು ಅವ್ವನನ್ನು ಮುಂದೆ ಕೂರಿಸಿ, ಅವಳ ಪೂರ್ತಿ ಹೆಸರು ಹೇಳಿ, "ಇದನ್ನು ಕಟ್ಟಿದವರು ಇವರು. ಹೌದೇನಮ್ಮ?" ಎಂದು ಕೇಳಿ ಕಾದರು. ಅವಳು ಉತ್ತರಿಸುವವರೆಗೆ ಪಿಟೀಲಿನ ಕಮಾನು ಎತ್ತಲಿಲ್ಲ.

"ಹೌದರಿ, ನಂದು" ಎಂದಳು ಅವ್ವ.

ಚೆಲ್ಲೊ ಆ ಹಾಡು ಎತ್ತಿಕೊಂಡಾಗ ಅವಳು ಅಳಲಿಲ್ಲ. ಗತ್ತಿನಿಂದ ಕೂತು ತಪ್ಪು ಹುಡುಕುತ್ತಿದ್ದಳು, ಮುಗಿದ ಮೇಲೆ ಎರಡು ತಪ್ಪು ತೋರಿಸಿಯೇಬಿಟ್ಟಳು. ಅತ್ತವಳು ನಾನು, ಅಡುಗೆಮನೆಯಲ್ಲಿ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹೆಸರಿಲ್ಲದ ಬರಹವನ್ನು ಮೇಷ್ಟರು ಹಾಗೇ ಬಿಡುವವರಲ್ಲ. ಮಾಲೀಕನ ಬಾಯಿಂದ ಪತ್ರದ ಸಂಗತಿ ತಿಳಿದು, ಅದನ್ನು ಕೇಳಿ ತಂದು ಅಕ್ಷರ ಅಕ್ಷರ ಪರೀಕ್ಷಿಸಿದರು. ಎದುರಿನ ದವಾಖಾನೆಯ ಕಂಪೌಂಡರನಿಗೆ ಹಿಂದಿ ಟೈಪಿಂಗ್ ಬರುತ್ತಿತ್ತು. ಅವನು ಪ್ರತಿ ಕಛೇರಿಗೂ ಎಲ್ಲರಿಗಿಂತ ಮೊದಲು ಬಂದು, ಬಾಗಿಲ ಪಕ್ಕ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದವನು. "ಮೊದಲು ಬರೋನ ಮೇಲೇ ನನಗೆ ಶಕ್" ಎಂದರು ಮೇಷ್ಟರು. ನಾನು ಟೀ ಸೋಸುತ್ತಿದ್ದೆ, ಸೋಸುತ್ತಲೇ ಇದ್ದೆ. ಅಂದಿನಿಂದ ಅವನನ್ನು ಕರೆಯುವುದು ನಿಂತಿತು. ಕಛೇರಿಗಳು ನಮ್ಮ ಮನೆಯಲ್ಲಿ ಮುಂದುವರಿದವು. ಭಾನುವಾರ ಕಿಟಕಿಯಿಂದ ನೋಡಿದರೆ ಅವನು ದವಾಖಾನೆಯ ಮೆಟ್ಟಿಲ ಮೇಲೆ ಕೂತು ನಮ್ಮ ಮಹಡಿಯತ್ತ ಕಿವಿಕೊಟ್ಟಿರುತ್ತಿದ್ದ. ಏನು ತಪ್ಪು ಮಾಡಿದೆನೆಂದು ಒಮ್ಮೆ ನನ್ನನ್ನೇ ಕೇಳಿದ. ಗೊತ್ತಿಲ್ಲವೆಂದೆ.

ನನಗೆ ಊರಿಗೆ ವರ್ಗವಾಯಿತು. ಮೇಷ್ಟರು ಅವ್ವನಿಗೆ ಕಾಗದ ಬರೆಯುತ್ತಿದ್ದರು, ಹೊಸ ಹಾಡು ಕಟ್ಟಿದಿರಾ ಎಂದು. ಅವಳು ಕಟ್ಟುತ್ತಿದ್ದಳು, ನಾನು ಬರೆದು ಕಳಿಸುತ್ತಿದ್ದೆ, ಕೆಳಗೆ ಅವಳ ಹೆಸರು ಹಾಕಿ. ಮೇಷ್ಟರು ಹೋದ ಸುದ್ದಿಯನ್ನು ಜರ್ಮನ್ ಹುಡುಗಿ ತಿಳಿಸಿದಳು. ಕೊನೆಯವರೆಗೂ ಅವರು ಕಂಪೌಂಡರನ ಜೊತೆ ಮಾತಾಡಲಿಲ್ಲವಂತೆ. ಅವನು ಹೆಣಕ್ಕೆ ಹೆಗಲು ಕೊಡಲು ಬಂದಿದ್ದನಂತೆ.

ನಮ್ಮವ್ವನ ಬಾಯಿಂದ 'ನಂದು' ಎಂದು ಹೇಳಿಸಿದವರೆದುರು ನಾನು ಆ ಮಾತನ್ನು ಹೇಳಲಿಲ್ಲ. ತಡವಾಗಿಯಾದರೂ ಇಲ್ಲಿ ಹೇಳುತ್ತೇನೆ. ಮೇಷ್ಟ್ರೇ, ಆ ಪತ್ರ ಕಂಪೌಂಡರನದಲ್ಲ, ನನ್ನದು.