ಗೊಡೆಲೀವ್ ಕಟ್ಟಿದ ಚಕ್ರ

ಫ್ಲಾಂಡರ್ಸ್‌ನ ನಮ್ಮೂರಲ್ಲಿ ಸೈಕಲ್ ಪಂದ್ಯದ ಬಗ್ಗೆ ತನಗೆ ಗೊತ್ತಿಲ್ಲ ಅನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಪಾದ್ರಿಯೂ ಬುದ್ಧಿ ಹೇಳುತ್ತಾನೆ, ಹಲ್ಲಿನ ಡಾಕ್ಟರೂ ಹೇಳುತ್ತಾನೆ. ಆದರೆ ಚಕ್ರದ ಮಾತು ಬಂದಾಗ ಗೊಡೆಲೀವ್ ಬಾಯಿ ತೆರೆದಳೆಂದರೆ ಉಳಿದವರು ಮುಚ್ಚುತ್ತಾರೆ. ನಲವತ್ತು ವರ್ಷದಿಂದ ಒಂದೊಂದೇ ಕಡ್ಡಿ ಪೋಣಿಸಿ ಚಕ್ರ ಕಟ್ಟುತ್ತಿರುವ ಹೆಂಗಸು. ಪಕ್ಕದಲ್ಲೇ ಆಲೂಗಡ್ಡೆ ಕರಿದು ಮಾರುವ ನಾನು ಅವಳಿಂದ ಬೈಸಿಕೊಳ್ಳದ ದಿನವಿಲ್ಲ.

ಆ ಸೆಪ್ಟೆಂಬರಿನಲ್ಲಿ ಬೇಕರಿಯವನ ಮಗಳು ಲೀಸೆಲಾಟ್ ಬಂದಳು. ಮೂರು ವರ್ಷದಿಂದ ಒಂದು ಸಣ್ಣ ತಂಡದಲ್ಲಿದ್ದಳು. ತಂಡದ ಯಜಮಾನ ಫಿರ್ಮಿನ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಭಾನುವಾರದ ಪಂದ್ಯದಲ್ಲಿ ಮೊದಲ ಹತ್ತರೊಳಗೆ ಬಂದರೆ ಮುಂದಿನ ವರ್ಷವೂ ತಂಡದಲ್ಲಿ, ಇಲ್ಲದಿದ್ದರೆ ಅಪ್ಪನ ಒಲೆಯ ಮುಂದೆ.

"ಅಕ್ಕಾ, ತಂಡದವ್ರೆಲ್ಲ ಹದಿನಾರು ಕಡ್ಡೀದು ಹಾಕ್ಕೊಂಡಿದಾರೆ. ಗಾಳಿ ಥರ ಹೋಗತ್ತಂತೆ. ನಂಗೂ ಅದೇ ಕಟ್ಟಿಕೊಡಿ."

"ಗಾಳಿ ಹೋಗತ್ತೆ, ನೀನು ನೆಲದ ಮೇಲೆ ಬಿದ್ದಿರ್ತೀಯ. ದಾರೀಲಿ ಕಲ್ಲುಹಾಸು ಎಷ್ಟಿದೆ?"

"ನೂರಿಪ್ಪತ್ತು ಕಿಲೋಮೀಟರಲ್ಲಿ ಬರೀ ಹನ್ನೊಂದು."

"ಬರೀ ಅಂತೆ! ಕಾಲಿಗೆ ಚುಚ್ಚೋ ಮುಳ್ಳೂ ಬರೀ ಒಂದೇ ಕಣೇ."

ನಮ್ಮವರು ವರ್ಷವರ್ಷವೂ ಮಾಡುವ ತಪ್ಪು ಇದೇ. ಡಾಂಬರಿನ ಉದ್ದ ನೋಡಿ ಚಕ್ರ ಆರಿಸುತ್ತಾರೆ, ಕಲ್ಲಿನ ಮೇಲೆ ಪಂದ್ಯ ಕಳೆದುಕೊಳ್ಳುತ್ತಾರೆ. ಕೊನೆಗೆ ಹಣೆಬರಹವನ್ನು ಬೈಯುತ್ತಾ ಬಿಯರ್ ಕುಡಿಯುತ್ತಾರೆ.

ಗೊಡೆಲೀವ್ ಆರಿಸಿದ್ದು ನೋಡಲು ಸಪ್ಪೆಯಾದ ಅಲ್ಯೂಮಿನಿಯಂ ರಿಮ್, ಮೂವತ್ತೆರಡು ಕಡ್ಡಿ, ದಪ್ಪ ಟೈರು.

"ಮುನ್ನೂರು ಗ್ರಾಂ ಜಾಸ್ತಿ ಆಗತ್ತಲ್ಲಕ್ಕಾ!"

"ಬೆಳಿಗ್ಗೆ ಅಪ್ಪನ ಬನ್ನು ಎರಡು ಕಡಿಮೆ ತಿನ್ನು."

ಕಟ್ಟಿದ ಮೇಲೆ ಚಕ್ರವನ್ನು ನೆಲಕ್ಕೆ ಮಲಗಿಸಿ, ಎರಡೂ ಕೈಯೂರಿ ಮೈಭಾರವೆಲ್ಲ ಬಿಟ್ಟು ಒತ್ತಿದಳು. ಕಡ್ಡಿಗಳು ಕಿರ್ ಅಂದವು. ಎತ್ತಿ ಡೊಂಕು ತೆಗೆದಳು, ಮತ್ತೆ ಒತ್ತಿದಳು. ಸದ್ದು ನಿಲ್ಲುವವರೆಗೆ ಬಿಡಲಿಲ್ಲ. "ಕಿರುಚೋದೆಲ್ಲ ಇಲ್ಲೇ ಕಿರುಚಲಿ" ಎಂದಳು.

ಭಾನುವಾರ ನನ್ನ ಆಲೂಗಡ್ಡೆ ಗಾಡಿ ಕೊನೆಯ ಕಲ್ಲುಹಾಸಿನ ಏರಿನಲ್ಲಿತ್ತು. ಹಾಗಾಗಿ ಇದು ಕೇಳಿದ್ದಲ್ಲ, ಕಣ್ಣಾರೆ ಕಂಡದ್ದು. ಎಂಟು ಜನ ಮುಂದಿದ್ದರು. ಅವರಲ್ಲಿ ಲೀಸೆಲಾಟ್ ಇದ್ದಳು, ಅವಳದೇ ತಂಡದ ನಾಯಕಿ ಗ್ರೀತ್ ಇದ್ದಳು. ನನ್ನ ಗಾಡಿಯೆದುರಿಗೇ ಗ್ರೀತಳ ಮುಂಚಕ್ರ ಹಪ್ಪಳದಂತೆ ಮುರಿಯಿತು. ಬದಲಿ ಚಕ್ರ ಹೊತ್ತ ತಂಡದ ಕಾರು ಕೆಳಗೆಲ್ಲೋ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು.

ಲೀಸೆಲಾಟ್ ತಿರುಗಿ ನೋಡಿದಳು. ಹಾಗೇ ಹೋಗಿದ್ದರೆ ಎಂಟರೊಳಗೆ ಖಂಡಿತ ಬರುತ್ತಿದ್ದಳು, ಕೇಳುವವರೂ ಇರಲಿಲ್ಲ. ಇಳಿದಳು. ತನ್ನ ಮುಂಚಕ್ರ ಬಿಚ್ಚಿ ಗ್ರೀತಳಿಗೆ ಹಾಕಿ, ಬೆನ್ನಿಗೆ ಕೈಕೊಟ್ಟು ತಳ್ಳಿದಳು. "ಹೋಗೇ, ಹೋಗು! ಇದು ಮುರಿಯಲ್ಲ!" ಎಂದು ಕೂಗಿದಳು. ಆಮೇಲೆ ಚಕ್ರವಿಲ್ಲದ ಸೈಕಲ್ ಹಿಡಿದು ರಸ್ತೆ ಬದಿಯಲ್ಲಿ ನಿಂತಳು. ಕಾರು ಬರುವಷ್ಟರಲ್ಲಿ ಐವತ್ತು ಜನ ದಾಟಿಹೋಗಿದ್ದರು.

ಗ್ರೀತ್ ಗೆದ್ದಳು. ಫಿರ್ಮಿನ್ ಹೂಗುಚ್ಛದ ಗಲಾಟೆಯಲ್ಲಿ ಲೀಸೆಲಾಟಳತ್ತ ನೋಡಲೂ ಇಲ್ಲ.

ಮಂಗಳವಾರ ಅವಳು ಉಳಿದ ಹಿಂಚಕ್ರ ತಂದು ಗೊಡೆಲೀವ್ ಮುಂದಿಟ್ಟಳು. "ಬೇರೆ ಯಾರಿಗಾದ್ರೂ ಕೊಡಿ ಅಕ್ಕಾ. ನಂಗಿನ್ನು ಬೇಡ."

"ದಡ್ಡಿ" ಎಂದಳು ಗೊಡೆಲೀವ್, ತುಂಬಾ ಮೆಲ್ಲಗೆ.

ಅಷ್ಟರಲ್ಲಿ ಫಿರ್ಮಿನ್ ಮುಂಚಕ್ರ ಹಿಡಿದು ಒಳಬಂದ. ಲೀಸೆಲಾಟ್ ಮೂಲೆಗೆ ಸರಿದಳು. "ತಾಯಿ, ಒಂದು ಕಡ್ಡೀನೂ ಅಲುಗಿಲ್ಲ. ಮುಂದಿನ ವರ್ಷಕ್ಕೆ ತಂಡದವ್ರಿಗೆಲ್ಲ ಇಂಥದ್ದೇ ಬೇಕು. ಆರು ಜೊತೆ."

ಗೊಡೆಲೀವ್ ಸೀಮೆಸುಣ್ಣ ತೆಗೆದುಕೊಂಡಳು. ಸವಾರರ ತೂಕ ಕೇಳದೆ ಅವಳು ಯಾರಿಗೂ ಚಕ್ರ ಕಟ್ಟಿದವಳಲ್ಲ. "ಒಬ್ಬೊಬ್ರದೇ ಹೆಸ್ರು ಹೇಳು, ತೂಕ ಹೇಳು."

ಅವನು ಹೇಳುತ್ತಾ ಹೋದ, ಅವಳು ಹಲಗೆಯ ಮೇಲೆ ಬರೆಯುತ್ತಾ ಹೋದಳು. ಗ್ರೀತ್, ಐವತ್ತೆಂಟು. ಆಮೇಲೆ ಇನ್ನೂ ನಾಲ್ವರು. ಲೀಸೆಲಾಟ್ ನೆಲ ನೋಡುತ್ತಿದ್ದಳು.

"ಕೊನೇದು ಲೀಸೆಲಾಟ್" ಎಂದ ಫಿರ್ಮಿನ್. "ಎಪ್ಪತ್ತೆರಡು."

ಸೀಮೆಸುಣ್ಣ ನಿಂತಿತು. ಮೂಲೆಯಿಂದ ಅಳು ತುಂಬಿದ ಧ್ವನಿ ಬಂತು.

"ಅರವತ್ತೊಂಬತ್ತು!"