ಅವ್ವನ ಜಗಲಿ, ಡೆನ್ಮಾರ್ಕಿನ ಬಾಟಲಿ ಕಪಾಟು

ನಮ್ಮ ಮನೆದೇವರು ಇಷ್ಟು ವರ್ಷ ಬಾರಿನಲ್ಲಿ ಕೂತಿದ್ದ ಎಂಬ ಸತ್ಯ ಹೋದ ಭಾನುವಾರ ಚಹಾದ ಹೊತ್ತಿಗೆ ಗೊತ್ತಾಯಿತು.

ಗೊತ್ತಾಗದಿದ್ದರೆ ಯಾರ ಗಂಟು ಹೋಗುತ್ತಿತ್ತು, ಹೇಳಿ?

ನನ್ನ ಹೆಂಡತಿಯ ತಮ್ಮ, ಜೋಯಿಡಾದಲ್ಲಿ ಹೋಮ್‌ಸ್ಟೇ ನಡೆಸುವ ಪ್ರಕಾಶ, ದಾಂಡೇಲಿಗೆ ಬಂದವನು ಮನೆಗೂ ಬಂದ. ಚಹಾ ಕುಡಿಯುತ್ತಲೇ ಅವ್ವನ ದೇವರ ಜಗಲಿಯ ಕಡೆ, ಅಂದರೆ ಅವಳು ದೇವರನ್ನಿಟ್ಟ ಕಪಾಟಿನ ಕಡೆ, ಎದ್ದು ಹೋದ. (ಕೈ ಮುಗಿಯಲು ಹೋದ ಅಂದುಕೊಂಡೆ. ನನ್ನ ದಡ್ಡತನ.) ಮೊಬೈಲಿನಲ್ಲಿ ಫೋಟೋ ಹೊಡೆದ. ಮೊಬೈಲು ಜಾತಕ ಹೇಳಿತು.

"ಮಾಮಾ, ಇದು ಜಗಲಿ ಅಲ್ರಿ! ಡೆನ್ಮಾರ್ಕಿನ ಡ್ರಿಂಕ್ಸ್ ಕ್ಯಾಬಿನೆಟ್. ಸಾಗವಾನಿದು, ಭಾಳ ಹಳೇದು. ಇಲ್ಲಿ ಬಾಟ್ಲಿ, ಇಲ್ಲಿ ಗ್ಲಾಸು..."

ಅವನು ಬಾಟ್ಲಿ ಅಂದ ಗೂಡಿನಲ್ಲಿ ಅವ್ವನ ದೀಪದೆಣ್ಣೆ, ಊದಿನಕಡ್ಡಿ. ಗ್ಲಾಸಿನ ಜಾಗದಲ್ಲಿ ಉಳವಿ ಚೆನ್ನಬಸವಣ್ಣನ ಫೋಟೋ. ಪೆಗ್ ಹಾಕಲೆಂದೇ ಮಾಡಿದ್ದಂತೆ ಮುಂದಿನ ಹಲಗೆ, ಅದರ ಮೇಲೆ ದೀಪದ ಕಂಬ, ಸಮೆ. ಹಿಂದಿನ ಕನ್ನಡಿಯಲ್ಲಿ ದೀಪ ಎರಡಾಗಿ ಕಾಣುತ್ತದೆ ಎಂದೇ ಅವ್ವನಿಗೆ ಅದರ ಮೇಲೆ ಜೀವ. ಊರಿನ ಕಾಗದದ ಮಿಲ್ಲಿನಲ್ಲಿ ಮಷೀನು ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರ್ ಒಬ್ಬ ಊರು ಬಿಡುವಾಗ ಮಾರಿದ್ದನ್ನು ತೀರಿಹೋದ ನಮ್ಮಪ್ಪ ಕೊಂಡು ತಂದಿದ್ದ. ಏನದು ಎಂದು ಅವನೂ ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ.

ಅಡುಗೆಮನೆಯಲ್ಲಿದ್ದ ಅವ್ವ ಎಲ್ಲ ಕೇಳಿಸಿಕೊಂಡಳು. ದೇವರನ್ನೆಲ್ಲ ತಾಟಿನಲ್ಲಿ ಎತ್ತಿಕೊಂಡು ಹೋಗಿ ಮಿಕ್ಸರ್ ಪಕ್ಕ ಇಟ್ಟಳು.

ಮರುದಿನ ಪೂಜೆ ಇಲ್ಲ. ಪೂಜೆ ಆಗದೆ ಅವ್ವ ತುತ್ತು ಮುಟ್ಟುವವಳಲ್ಲ. ಸಾಲದ್ದಕ್ಕೆ ಶುಗರ್ ಬೇರೆ. ಬರೀ ಚಹಾದ ಮೇಲೆ ಮಾತ್ರೆ ನುಂಗಿ ತಲೆ ತಿರುಗಿ ಬಿದ್ದರೆ?

"ತೊಳದು ಇಡೂಣಬೇ" ಅಂದೆ. ಹಳಿಯಾಳದಿಂದ ಅಕ್ಕ ಫೋನಿನಲ್ಲಿ "ಗೋಮೂತ್ರ ಹೊಡೀರಿ" ಅಂದಳು. ಹೆಂಡತಿ "ಹೊಸಾದು ಆನ್‌ಲೈನ್ ತರಿಸೂಣ್ರಿ" ಅಂದಳು. ಈ ಪ್ರಕಾಶ ಮತ್ತೆ ಫೋನು ಮಾಡಿ "ಹೆಂಗೂ ಖಾಲಿ ಆಗೇತಲ್ಲ ಮಾಮಾ, ನನಗ ಕೊಟ್ಟಬಿಡ್ರಿ" ಅನ್ನಬೇಕೇ! ಫೋನು ಕಟ್ ಮಾಡಿದೆ.

ಸಾಕಾಗಿ ಹೋಗಿದೆ ಮಾರಾಯರೇ ಈ ತಿಳಿವಳಿಕೆ. ಮೊದಲೆಲ್ಲ ಮನೆಗೆ ಬಂದವರು ಚಹಾ ಕುಡಿದು, ಮಳೆ-ಬೆಳೆ ಮಾತಾಡಿ ಹೋಗುತ್ತಿದ್ದರು. ಈಗ ನಾವು ತಿನ್ನುವ ಎಣ್ಣೆಯಲ್ಲಿ ಏನಿದೆ, ಮಲಗುವ ಗಾದಿ ಬೆನ್ನಿಗೆ ಏನು ಮಾಡುತ್ತದೆ, ಎಲ್ಲ ಹುಡುಕಿ ಹೇಳುತ್ತಾರೆ. ಹೇಳಿ, ಚಪ್ಪಲಿ ಮೆಟ್ಟಿ ಹೋಗಿಬಿಡುತ್ತಾರೆ. ಆಮೇಲೆ ಅದೇ ಗಾದಿಯ ಮೇಲೆ ನಿದ್ದೆಗೆಟ್ಟು ಹೊರಳಾಡುವವರು ನಾವು.

ಸಂಜೆ ಅವ್ವನ ಮುಂದೆ ರೊಟ್ಟಿ ತಾಟು ಇಟ್ಟು ಕೂತೆ. ದಣಿದಿದ್ದೆ, ದನಿ ಏರಿತು. "ಏನ್ ಮಾಡ್ಬೇಕಂತಿ ಹೇಳಬೇ. ಒಡದು ಒಲಿಗೆ ಹಾಕೂಣೇನು ಅದನ್ನ?"

ಅವ್ವ ಆ ಕಪಾಟನ್ನೊಮ್ಮೆ ನೋಡಿದಳು. ಆಮೇಲೆ ಎದ್ದಳು. ಸೆರಗಿನಿಂದ ಹಲಗೆ ಒರೆಸಿ, ಚೆನ್ನಬಸವಣ್ಣನನ್ನು ತಂದು ಮೊದಲಿನ ಜಾಗದಲ್ಲೇ ಇಟ್ಟಳು.

"ನಿಮ್ಮಪ್ಪನೂ ಒಂದ ಕಾಲಕ್ಕ ಭಾಳ ಕುಡೀತಿದ್ರು. ಬಿಟ್ಟ ಮ್ಯಾಲ ಇಲ್ಲೇ ಕುಂತು ಪೂಜಿ ಮಾಡ್ಲಿಲ್ಲೇನು? ಮನಷ್ಯಾಗ ಮಾಫಿ ಐತಿ, ಕಟಗಿಗೆ ಇಲ್ಲೇನೋ?"